ಏಳನೇ ಫಾರಂ

ಲಿಫ್ಟಣ್ಣ ಎದ್ದು ನಿಂತು, ಪುಸ್ತಕವನ್ನು ಎದೆಗೆ ಒತ್ತಿಕೊಂಡು ಹೇಳಿದ ಮಾತು ಕೇಳಿ ಬೈಂಡರಮ್ಮ ಬೆಚ್ಚಿದಳು.

“ಇಂಥ ಕಾದಂಬರಿ ನಾನು ಓದಿಲ್ಲ,” ಅಂದ. “ಮೂರು ಜನ ಅಣ್ಣತಮ್ಮಂದಿರು ಒಂದು ಮನೆಗೋಸ್ಕರ ಕಿತ್ತಾಡ್ತಾ ಇರ್ತಾರೆ. ದೊಡ್ಡೋನು ಕೈ ಎತ್ತಿದ, ಇನ್ನೇನು ಏಟು ಬೀಳ್ಬೇಕು. ಪುಟ ತಿರುಗಿಸ್ತೀರಿ. ಅಣ್ಣಾನೂ ಇಲ್ಲ, ತಮ್ಮಾನೂ ಇಲ್ಲ! ಒಂದು ಬಸ್ ಸ್ಟಾಪು. ಒಂದು ಬೆಂಚು. ಅಲ್ಲೊಬ್ಬಳು ನರ್ಸು, ಪಕ್ಕದಲ್ಲಿ ಒಬ್ಬ ಬಡಗಿ. ಹದಿನಾರು ಪುಟ ಅವರಿಬ್ಬರೇ. ಆಮೇಲೆ ಮತ್ತೆ ಅದೇ ಜಗಳ. ಯಾರು, ಏನು, ಎತ್ತ, ಒಂದು ಮಾತೂ ಹೇಳಲ್ಲ. ಉಸಿರು ಕಟ್ಟಿದ ಮನೇಲಿ ಯಾರೋ ಒಂದು ಗಳಿಗೆ ಕಿಟಕಿ ತೆಗೆದು ಮುಚ್ಚಿದ ಹಾಗೆ. ಬರೆದವರ ಧೈರ್ಯ ನೋಡಿ!”

ಸುತ್ತ ಕೂತವರು ಹೌದೌದು ಎಂದು ತಲೆ ಆಡಿಸಿದರು. “ಪುಟ ತೊಂಬತ್ತೇಳರಿಂದ ನೂರಹನ್ನೆರಡು,” ಅಂದ ಲಿಫ್ಟಣ್ಣ. ಹೇಳುತ್ತಾ ನೋಡಿದ್ದು ಮಾತ್ರ ಬಾಗಿಲ ಪಕ್ಕದ ಕುರ್ಚಿಯ ಕಡೆಗೆ. ಅಲ್ಲಿ ಕೂತ ಬೈಂಡರಮ್ಮ ಸೆರಗಿನ ಎಳೆ ಎಣಿಸುತ್ತಿದ್ದಳು.

ಪ್ರತಿ ಶನಿವಾರ ಸಂಜೆ ಲೈಬ್ರರಿಯ ಮೇಲಿನ ಮಹಡಿಯಲ್ಲಿ ಕುರ್ಚಿಗಳನ್ನು ದುಂಡಗೆ ಹಾಕುತ್ತಿದ್ದರು. ಈಗ ಏನು ಓದುತ್ತಿದ್ದೇನೆ, ಅದನ್ನು ಮುಂದೆ ಯಾರು ಓದಿದರೆ ಚೆನ್ನ, ಎರಡು ಮಾತು ಹೇಳಿ ಪುಸ್ತಕ ದಾಟಿಸಬೇಕು. ಅಷ್ಟೇ ಅಲ್ಲಿಯ ಕಟ್ಟಳೆ. ಬೈಂಡರಮ್ಮ ನಾಲ್ಕು ವರ್ಷದಿಂದ ಬರುತ್ತಿದ್ದಳು. ಸರದಿ ಬಂದಾಗಲೆಲ್ಲ “ನಂದೇನಿಲ್ಲ, ಮುಂದಿನವರು ಹೇಳಲಿ” ಅನ್ನುತ್ತಿದ್ದಳು. ಲೈಬ್ರರಿಯ ಹರಿದ ಪುಸ್ತಕಗಳನ್ನೆಲ್ಲ ಹೊಲಿಯುವವಳು ಅವಳೇ. ಅಪ್ಪನಿಂದ ಬಂದ ಕೆಲಸ. ಮೂವತ್ತಾರು ತುಂಬಿತ್ತು. ನೋಡಲು ಬಂದವರಿಗೆ ಅವಳ ಗೋಂದಿನ ವಾಸನೆ ಹಿಡಿಸಲಿಲ್ಲ, ಅವಳಿಗೆ ಬಂದವರ ಮಾತು ಹಿಡಿಸಲಿಲ್ಲ.

ಅವನು ಲಿಫ್ಟ್ ರಿಪೇರಿ ಮಾಡುವವನು. ಊರಿಗೆಲ್ಲ ಲಿಫ್ಟಣ್ಣ. ಅವಳು ಮಾತ್ರ ಆ ಅಣ್ಣ ಅನ್ನುವುದನ್ನು ಬಾಯಿಗೆ ತಂದವಳಲ್ಲ. “ಲಿಫ್ಟಿನವರು” ಅನ್ನುತ್ತಿದ್ದಳು. ಅವನು ಓದಿದ ಪುಸ್ತಕ ಹೊಲಿಗೆಗೆ ಬಂದರೆ ಯಾವ ಪುಟದಲ್ಲಿ ಅವನ ಮನಸ್ಸು ನಿಂತಿತ್ತು ಎಂದು ಅವಳಿಗೆ ತಿಳಿಯುತ್ತಿತ್ತು. ಅಂಚಿನಲ್ಲಿ ಹೆಬ್ಬೆರಳಿನ ಗ್ರೀಸಿನ ಗುರುತು. ಬೇರೆಯವರ ಕಲೆಗಳನ್ನು ರಬ್ಬರಿನಿಂದ ಉಜ್ಜಿ ತೆಗೆಯುವವಳು ಅವುಗಳನ್ನು ಹಾಗೇ ಬಿಡುತ್ತಿದ್ದಳು. ಬಿಟ್ಟು, ಆ ಪುಟಗಳನ್ನು ತಾನೂ ಓದುತ್ತಿದ್ದಳು.

ಆದರೆ ಈ ಸಲ ಅವನಿಗೆ ಮೆಚ್ಚುಗೆಯಾದ ಹದಿನಾರು ಪುಟ ಆ ಕಾದಂಬರಿಯದೇ ಅಲ್ಲ.

ದೊಡ್ಡ ಹಾಳೆಯನ್ನು ಮಡಿಸಿ ಮಡಿಸಿ ಹದಿನಾರು ಪುಟ ಮಾಡಿದರೆ ಒಂದು ಫಾರಂ. ಅಂಥ ಫಾರಂಗಳನ್ನು ಒಂದರ ಮೇಲೊಂದಿಟ್ಟು ಬೆನ್ನಿಗೆ ಹೊಲಿದರೆ ಪುಸ್ತಕ. ಲೈಬ್ರರಿಯ ನಲ್ಲಿ ಒಡೆದು ನೀರು ನುಗ್ಗಿದಾಗ ಎರಡು ಕಾದಂಬರಿ ನೆನೆದಿದ್ದವು. ಒಂದೇ ಪ್ರೆಸ್ಸು, ಒಂದೇ ಅಳತೆ, ಒಂದೇ ಕಾಗದ. ಪುಟದ ನೆತ್ತಿಯಲ್ಲಿ ಪುಸ್ತಕದ ಹೆಸರೂ ಇಲ್ಲ, ಬರೀ ಸಂಖ್ಯೆ. ಎರಡನ್ನೂ ಒಂದೇ ಮಧ್ಯಾಹ್ನ ಬಿಚ್ಚಿ ಒಣಗಿಸಿ ಜೋಡಿಸುತ್ತಿದ್ದಳು. ಆರು ಫಾರಂ ಮುಗಿದು ಏಳನೆಯದಕ್ಕೆ ಕೈ ಹಾಕಿದ್ದಳು. ಆಗಲೇ ಲಿಫ್ಟಣ್ಣ ಒಂದು ಹರಿದ ಪುಸ್ತಕ ಹಿಡಿದುಕೊಂಡು ಅಂಗಡಿಯ ಬಾಗಿಲಿಗೆ ಬಂದು, “ಒಳಗೆ ಬರಬಹುದಾ?” ಎಂದು ಕೇಳಿದ್ದು. ಹತ್ತು ನಿಮಿಷ ನಿಂತಿದ್ದ. ಏನು ಮಾತಾಡಿದರೋ ಅವಳಿಗೆ ನೆನಪಿಲ್ಲ. ಅವನ ಅಂಗಿಯ ಮೇಲಿನ ಗುಂಡಿ ಕಳಚಿತ್ತು, ಅದೊಂದು ನೆನಪಿದೆ.

ಸಭೆ ಮುಗಿಯಿತು. ಪುಸ್ತಕ ಹೋಗಿದ್ದು ಹೆಡ್ಮೇಡಂ ಕೈಗೆ. ಮೂವತ್ತೆಂಟು ವರ್ಷ ಪಾಠ ಹೇಳಿ ರಿಟೈರಾದವರು. ಓದುವಾಗ ಅಲ್ಪವಿರಾಮವನ್ನೂ ಬಿಡುವವರಲ್ಲ.

ಮೆಟ್ಟಿಲಲ್ಲಿ ಲಿಫ್ಟಣ್ಣ ಅವಳಿಗಾಗಿ ನಿಂತಿದ್ದ.

“ನೂರಹನ್ನೆರಡನೇ ಪುಟದ ಕೊನೇಲಿ ಆ ಬಡಗಿ ನರ್ಸನ್ನ ಒಂದು ಮಾತು ಕೇಳ್ತಾನೆ,” ಅಂದ. ಕಣ್ಣು ಮೆಟ್ಟಿಲಿನ ಕಂಬಿಯ ಮೇಲೆ. “‘ಬಸ್ಸು ಬಂದರೂ ನೀವು ನನ್ನ ಪಕ್ಕ ಕೂತೇ ಇರ್ತೀರಾ?’ ಅಂತ. ಪುಸ್ತಕ ಉತ್ತರ ಹೇಳಲ್ಲ. ನಾನು ನಾಲ್ಕು ದಿನದಿಂದ ಅದನ್ನೇ ಯೋಚನೆ ಮಾಡ್ತಾ ಇದೀನಿ. ಅಲ್ಲಿ ನೀವಿದ್ದಿದ್ರೆ ಏನಂತಿದ್ರಿ ಅಂತ.”

“ನಾನಾ?”

“ನೀವೇ. ಅವಸರ ಇಲ್ಲ. ಬರೋ ಶನಿವಾರ ಹೇಳಿ.” ಎರಡೆರಡು ಮೆಟ್ಟಿಲು ಹಾರಿ ಇಳಿದುಹೋದ.

ಅವಸರ ಇಲ್ಲವಂತೆ! ಅವಳು ಮನೆ ಮುಟ್ಟಿದ್ದು ಓಡುತ್ತಲೇ. ಮನೆ ಮುಂದಿನ ಅಂಗಡಿಯ ಬೀಗ ತೆಗೆದು, ಲೈಬ್ರರಿಗೆ ಇನ್ನೂ ಕೊಟ್ಟಿರದ ಇನ್ನೊಂದು ಕಾದಂಬರಿ ತೆರೆದಳು, ಆ ನರ್ಸಿನದು. ತೊಂಬತ್ತೇಳರಲ್ಲಿ ಮೂರು ಜನ ಅಣ್ಣತಮ್ಮಂದಿರು ಹೊಡೆದಾಡಿಕೊಳ್ಳುತ್ತಿದ್ದರು. ನೂರಹದಿಮೂರಕ್ಕೆ ತಿರುಗಿಸಿದಳು. ಮೊದಲ ಸಾಲಿನಲ್ಲೇ ಉತ್ತರವಿತ್ತು.

“ನನ್ನ ಬಸ್ಸು ಬಂತು,” ಅಂದಳು ನರ್ಸು. ಎದ್ದು ಹೋದಳು. ತಿರುಗಿಯೂ ನೋಡಲಿಲ್ಲ.

ಆ ವಾರ ಅವಳ ಕೈ ನಿಂತಲ್ಲಿ ನಿಲ್ಲಲಿಲ್ಲ, ಕಾಲು ಕೂತಲ್ಲಿ ಕೂರಲಿಲ್ಲ. ದಾರ ಪೋಣಿಸಿದರೆ ಗಂಟು ಮರೆಯುವುದು, ಗಂಟು ಹಾಕಿದರೆ ಸೂಜಿ ಮರೆಯುವುದು. ಹೇಳಿದರೆ ಅಪ್ಪ ಸಂಪಾದಿಸಿದ ಹೆಸರು ಹೋಗುತ್ತದೆ, ಲೈಬ್ರರಿಯ ಕೆಲಸವೂ ಹೋಗಬಹುದು. ಅದನ್ನಾದರೂ ತಡೆದುಕೊಂಡಾಳು. ಹೇಳದೆ ಇದ್ದರೆ ಹೆಡ್ಮೇಡಂ ಎಲ್ಲರೆದುರು ಪುಸ್ತಕ ಬಿಡಿಸಿ, “ಏನ್ರೀ ಲಿಫ್ಟಣ್ಣ, ಯಾವ ಧೈರ್ಯ? ಯಾವ ಕಿಟಕಿ?” ಎಂದು ಕೇಳುತ್ತಾರೆ.

ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ಅವನು. ಹಿಂದೊಮ್ಮೆ ಕಥೆಯಲ್ಲಿ ‘ನಾನು’ ಎಂದು ಹೇಳುವವನೇ ಪುಸ್ತಕ ಬರೆದವನು ಎಂದುಕೊಂಡು, “ಪಾಪ, ಅವರ ಮುರಿದ ಕಾಲು ಈಗ ಹೇಗಿದೆಯೋ” ಅಂದಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಎರಡು ತಿಂಗಳು ಅವನ ಕುರ್ಚಿ ಖಾಲಿಯಿತ್ತು. ಆ ಎರಡು ತಿಂಗಳನ್ನು ಅವಳು ಹೇಗೆ ಕಳೆದಳು ಅನ್ನುವುದು ಅವಳಿಗೇ ಗೊತ್ತು. ಇನ್ನೊಂದು ಸಲ ನಕ್ಕರೆ ಅವನು ಆ ಮೆಟ್ಟಿಲು ಹತ್ತಲಾರ.

ಮಂಗಳವಾರ ಅಪ್ಪ ಕೈಯಲ್ಲಿದ್ದ ಗೋಂದಿನ ಬ್ರಶ್ಶು ಕೆಳಗಿಟ್ಟರು.

“ಏನಮ್ಮಾ, ಈ ಪುಸ್ತಕಾನ ತಲೆಕೆಳಗೆ ಹೊಲಿದಿದೀಯಲ್ಲ. ಓದೋರು ಕಾಲು ಮೇಲೆ ಮಾಡಿ ನಿಂತುಕೊಂಡು ಓದ್ಬೇಕೇನು?”

ಅವಳಿಗೆ ಅಳು ಬಂತು. ಏಳನೇ ಫಾರಮ್ಮಿನ ವಿಷಯ ಹೇಳಿಬಿಟ್ಟಳು. ಬಾಗಿಲಲ್ಲಿ ಬಂದು ನಿಂತವರ ವಿಷಯ ಹೇಳಲಿಲ್ಲ.

ಅಪ್ಪ ಆ ತಲೆಕೆಳಗಿನ ಪುಸ್ತಕದ ಹೊಲಿಗೆ ಬಿಚ್ಚತೊಡಗಿದರು. “ನಾನೂ ಒಂದ್ಸಲ ಮಾಡಿದೀನಿ ಕಣೇ. ಅಡುಗೆ ಪುಸ್ತಕದೊಳಗೆ ಕಾನೂನಿನ ಪುಸ್ತಕದ ಫಾರಂ ಹೊಲಿದುಬಿಟ್ಟಿದ್ದೆ.”

“ಯಾವಾಗ?”

“ನಿಮ್ಮಮ್ಮನ್ನ ನೋಡ್ಕೊಂಡು ಬಂದ ವಾರ.” ಬ್ರಶ್ಶು ಮತ್ತೆ ಕೈಗೆ ತಗೊಂಡರು. “ಯಾರೂ ಬಂದು ಕೇಳಲಿಲ್ಲ. ಅಡುಗೆ ಹೇಗಾಯಿತೋ ಏನೋ. ಅದಿರಲಿ, ಅವನು ಯಾರು?”

“ಯಾರೂ ಇಲ್ಲಪ್ಪ!”

“ಸರಿ. ಯಾರೂ ಇಲ್ಲದೋನಿಗೆ ಬೇಗ ಹೇಳಿಬಿಡು.”

ಬುಧವಾರ ಹೆಡ್ಮೇಡಂ ಮನೆಗೆ ಹೋದಳು. “ಮೇಡಂ, ಆ ಪುಸ್ತಕದ ಹೊಲಿಗೆ ಸಡಿಲ ಇದೆ ಅನ್ಸುತ್ತೆ. ಕೊಡಿ, ನಾಳೇನೇ ತಂದುಕೊಡ್ತೀನಿ.”

“ಸಡಿಲಾನಾ? ನಾನೇ ಎಳೆದು ನೋಡಿದೆ, ಕಲ್ಲಿನ ಹಾಗಿದೆ. ನಿನ್ನ ಕೈಗೆಲಸ ನೀನೇ ನಂಬಲ್ವಲ್ಲೇ!” ಹೆಡ್ಮೇಡಂ ಪುಸ್ತಕವನ್ನು ತೊಡೆಯ ಮೇಲಿಂದ ಕದಲಿಸಲಿಲ್ಲ. “ಅರವತ್ತನೇ ಪುಟದಲ್ಲಿದೀನಿ. ದಿನಕ್ಕೆ ಇಪ್ಪತ್ತೇ ಪುಟ, ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಕಥೆ ಹೇಳಬೇಡ, ಹೋಗು.”

ಗುರುವಾರಕ್ಕೆ ಎಂಬತ್ತು. ಶುಕ್ರವಾರಕ್ಕೆ ನೂರು. ದಾರಿಯುದ್ದಕ್ಕೂ ಬೆರಳು ಮಡಿಸಿದಳು.

ಶುಕ್ರವಾರ ತಡೆಯಲಾಗಲಿಲ್ಲ. ಆರು ಮಹಡಿಯ ಆಫೀಸು ಕಟ್ಟಡವೊಂದರಲ್ಲಿ ಅವನು ಕೆಲಸ ಮಾಡುತ್ತಿದ್ದಾನೆಂದು ಕೇಳಿ ಅಲ್ಲಿಗೇ ಹೋದಳು. ಕೆಳಗಿನ ಲಿಫ್ಟಿನ ಬಾಗಿಲು ತೆರೆದಿತ್ತು, ಮುಂದೆ ಹಗ್ಗ ಕಟ್ಟಿ ಬೋರ್ಡು ನೇತು ಹಾಕಿದ್ದರು. ಒಳಗೆ ಕತ್ತಲೆ ಕೊಳವೆ, ತುದಿಯಲ್ಲೊಂದು ಸಣ್ಣ ದೀಪ.

“ರೀ!” ಎಂದು ಕೂಗಿದಳು. ಜೀವಮಾನದಲ್ಲಿ ಅಷ್ಟು ಜೋರಾಗಿ ಯಾರನ್ನೂ ಕರೆದಿರಲಿಲ್ಲ.

“ಯಾರು?” ದನಿ ಆರೂ ಮಹಡಿ ಇಳಿದು ಬಂತು. “ಬೈಂಡರಮ್ಮಾನಾ? ಬಂದೆ… ಅಯ್ಯೋ, ಬ್ರೇಕಿಂದ ಕೈ ತೆಗೆದ್ರೆ ಲಿಫ್ಟೇ ಜಾರುತ್ತೆ. ಒಂದರ್ಧ ಗಂಟೆ ಇರ್ತೀರಾ?”

“ಇಲ್ಲ… ಒಂದು ಮಾತು ಹೇಳ್ಬೇಕಿತ್ತು. ಆ ಪುಸ್ತಕದ್ದು!”

ಮೇಲೆ ಸ್ಪ್ಯಾನರಿನ ಸದ್ದು ನಿಂತಿತು.

“ಇಲ್ಲಿ ಬೇಡ!” ಅಂದ. “ಇಲ್ಲಿ ಹೇಳಿದ್ರೆ ನಾನು ಬಿದ್ದುಬಿಡ್ತೀನಿ. ನಾಳೆ ಹೇಳಿ!” ದನಿಯಲ್ಲಿ ಅಷ್ಟೊಂದು ಖುಷಿಯಿತ್ತು. ಹಗ್ಗದಾಚೆಗೆ ಫೈಲು ಹಿಡಿದು ನಿಂತ ಇಬ್ಬರು ಗುಮಾಸ್ತರು ಅವಳನ್ನು ನೋಡಿ ನಕ್ಕರು. ಅವಳು ಮುಖ ಮುಚ್ಚಿಕೊಂಡು ಹೊರಗೆ ಬಂದಳು.

ಶನಿವಾರ ಬಂತು. ಲಿಫ್ಟಿನವರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಎಲ್ಲ ಗುಂಡಿಯೂ ಇತ್ತು. ಹೆಡ್ಮೇಡಂ ಮಾತಿಲ್ಲದೆ ಬಂದು ಕೂತರು. ತುಟಿ ಬಿಗಿದಿದ್ದರು. ಪುಸ್ತಕದ ನಡುವೆ ಒಂದು ಬಿಳಿ ಚೀಟಿ. ಎಲ್ಲಿ ಇಟ್ಟಿದ್ದಾರೆಂದು ಅವಳಿಗೆ ದೂರದಿಂದಲೇ ಗೊತ್ತಾಯಿತು. ಪುಸ್ತಕದ ದಪ್ಪ ನೋಡಿ ಪುಟ ಹೇಳುವ ಕಣ್ಣು ಅದು.

“ಹೆಡ್ಮೇಡಂ, ನೀವೇ ಶುರು ಮಾಡಿ,” ಅಂದರು ಲೈಬ್ರೇರಿಯನ್.

ಹೆಡ್ಮೇಡಂ ಕನ್ನಡಕ ಹಾಕಿಕೊಂಡರು. ಬೈಂಡರಮ್ಮ ಎದ್ದು ನಿಂತಳು.

“ಮೊದಲು ನಾನು ಹೇಳ್ತೀನಿ.”

ಎಲ್ಲರೂ ಬಾಗಿಲ ಕಡೆ ತಿರುಗಿದರು.

“ಆ ಪುಸ್ತಕದ ಏಳನೇ ಫಾರಂ ಆ ಪುಸ್ತಕದ್ದಲ್ಲ. ಬೇರೆ ಕಾದಂಬರಿದು. ನಾನು ಅದಲುಬದಲು ಮಾಡಿ ಹೊಲಿದುಬಿಟ್ಟೆ. ಇವರು ಹೇಳಿದ್ದರಲ್ಲಿ ತಪ್ಪಿಲ್ಲ. ಪುಸ್ತಕದಲ್ಲಿ ಇದ್ದದ್ದನ್ನೇ ಓದಿದಾರೆ, ಇದ್ದದ್ದನ್ನೇ ಹೇಳಿದಾರೆ. ನಗೋದಿದ್ರೆ ನನ್ನ ನೋಡಿ ನಗಿ. ಕೆಲಸ ಕೊಡೋದು ಬಿಡೋದು ಲೈಬ್ರರಿಗೆ ಬಿಟ್ಟದ್ದು.”

ಯಾರೋ ಕಿಸಕ್ಕೆಂದರು. ಮರುಕ್ಷಣ ಹೆಡ್ಮೇಡಂ ಎರಡೂ ಕೈಯಿಂದ ಎದೆ ಹಿಡಿದುಕೊಂಡು, “ಅಬ್ಬಾ!” ಅಂದರು. “ಬದುಕಿಸಿದೆಯಲ್ಲೇ ತಾಯಿ! ನಿನ್ನೆಯಿಂದ ನಾನು ಊಟ ಬಿಟ್ಟಿದೀನಿ. ಮೂರು ಸಲ ಓದಿದೆ, ತಲೆಬುಡ ಹತ್ತಲಿಲ್ಲ. ಇವರೆಲ್ಲ ಹೊಸ ತರ, ಹೊಸ ತರ ಅಂತಾರೆ. ನನಗೇ ಅರಳುಮರಳು ಶುರುವಾಯ್ತು ಅಂದ್ಕೊಂಡು ಡಾಕ್ಟರಿಗೆ ಫೋನ್ ಮಾಡಿದೆ ಕಣೇ!”

ಈಗ ಎಲ್ಲರೂ ನಕ್ಕರು. ಲಿಫ್ಟಿನವರು ನಗಲಿಲ್ಲ.

“ಅಲ್ಲ, ನಿಮ್ಮಪ್ಪ ಕಲಿಸಿದ ಕೈ ಅದು,” ಅಂದರು ಹೆಡ್ಮೇಡಂ ಕಣ್ಣೊರೆಸಿಕೊಂಡು. “ಅಂಥ ತಪ್ಪು ಹೇಗಾಯ್ತು? ಗಮನ ಎಲ್ಲಿತ್ತು?”

ಸುಳ್ಳು ಹೇಳಬಹುದಿತ್ತು. ತಲೆನೋವು ಅನ್ನಬಹುದಿತ್ತು.

“ಬಾಗಿಲಲ್ಲಿತ್ತು,” ಅಂದಳು. “ಆಗ ಇವರು ಬಂದು ಬಾಗಿಲಲ್ಲಿ ನಿಂತಿದ್ರು.”

ಲಿಫ್ಟಿನವರ ಕಿವಿಯ ತುದಿ ಕೆಂಪಾಯಿತು, ಕುತ್ತಿಗೆ ಕೆಂಪಾಯಿತು. ಎದ್ದು, ಯಾರನ್ನೂ ನೋಡದೆ, ಬಿರಬಿರನೆ ಕೆಳಗಿಳಿದು ಹೋದರು.

ಅವಳು ನಿಂತಲ್ಲೇ ನಿಂತಳು. ಹೆಡ್ಮೇಡಂ ಗದರಿದರು: “ಹೋಗೇ! ನಿಂತಿದೀಯಲ್ಲ!”

ಕೆಳಗೆ ಲೈಬ್ರರಿಯ ಕಟ್ಟೆಯ ಹತ್ತಿರ ಅವನು ಬೆನ್ನು ಮಾಡಿ ನಿಂತಿದ್ದ.

“ಬೇಜಾರಾಯ್ತಾ?” ಎಂದು ಕೇಳಿದಳು.

“ಧೈರ್ಯ ಅಂತೆ, ಕಿಟಕಿ ಅಂತೆ,” ಅಂದ. “ಹದಿನಾರು ಪುಟಾನ ಬಾಯಿಪಾಠ ಮಾಡಿದೀನಿ ಗೊತ್ತಾ? ಎಂಥ ಪೆದ್ದ ನಾನು.”

“ಆ ಪುಟಗಳು ಚೆನ್ನಾಗೇ ಇವೆ. ಎಲ್ಲಿ ಹೊಲಿದ್ರೂ ಚೆನ್ನಾಗೇ ಇರ್ತವೆ. ಪೆದ್ದಿ ನಾನು.”

ಅವನು ತಿರುಗಿದ. “ಹಾಗಾದ್ರೆ ಮುಂದಿನ ಪುಟ ನಿಮ್ಮ ಹತ್ರ ಇದೆ. ನೂರಹದಿಮೂರು. ಆ ನರ್ಸು ಏನಂದಳು?”

ಇದಕ್ಕೇ ಅವಳು ವಾರವಿಡೀ ಹೆದರಿದ್ದು. ಮುಚ್ಚಿಡಲು ಮನಸ್ಸು ಬರಲಿಲ್ಲ. ಪುಸ್ತಕದ ಪುಟವನ್ನು ಒಂದು ಸಲ ಬದಲಿಸಿದ್ದೇ ಸಾಕಾಗಿತ್ತು.

“‘ನನ್ನ ಬಸ್ಸು ಬಂತು’ ಅಂದಳು. ಎದ್ದು ಹೋದಳು.”

ಅವನು ಮೆಲ್ಲಗೆ ಗೋಣು ಆಡಿಸಿದ. “ಸರಿ,” ಅಂದ. ಮತ್ತೊಮ್ಮೆ “ಸರಿ” ಅಂದ. ಬೈಕಿನ ಕೀಲಿಗಾಗಿ ಜೇಬು ತಡಕಿದ, ತಪ್ಪು ಜೇಬು.

“ನಿಲ್ರೀ!” ಅಂದಳು. “ಹೋಗಿದ್ದು ಅವಳು. ನನ್ನ ಕೇಳದೆ ನೀವೆಲ್ಲಿಗೆ ಹೊರಟಿರಿ?”

ಅವನ ಕೈ ಜೇಬಿನಲ್ಲೇ ನಿಂತಿತು.

“ಕೇಳ್ತೀನಿ,” ಅಂದ. ಬಾಯಿಪಾಠ ಮಾಡಿದ ಮಾತು ಅರ್ಧದಲ್ಲೇ ಮರೆತುಹೋಯಿತು. “ಬಸ್ಸು… ಬಸ್ಸು ಬಂದರೂ ನೀವು…”

“ಬರಲಿ. ಬಂದು ಹೋಗಲಿ. ನಾನು ಕೂತಿರ್ತೀನಿ.”

ಅಷ್ಟು ಹೇಳಿ ಕಟ್ಟೆಯ ಮೇಲೆ ಕೂತೇಬಿಟ್ಟಳು. ಅವನೂ ಬಂದು ಕೂತ. ನಡುವೆ ಒಂದು ಮೊಳ ಜಾಗ ಬಿಟ್ಟ. ಸ್ವಲ್ಪ ಹೊತ್ತಿಗೆ ಅದು ಗೇಣಾಯಿತು. ಯಾರು ಸರಿದರೋ ಇಬ್ಬರಿಗೂ ಗೊತ್ತಾಗಲಿಲ್ಲ.

ಮೇಲಿನ ಕಿಟಕಿಯಿಂದ ಹೆಡ್ಮೇಡಂ ತಲೆ ಹೊರಗೆ ಬಂತು. “ಏನ್ರಪ್ಪಾ, ಆ ನರ್ಸಿನ ಕಥೆ ಮೊದಲು ಯಾರಿಗೆ? ಲಿಫ್ಟಣ್ಣನಿಗಾ, ನನಗಾ? ರಿಜಿಸ್ಟರಲ್ಲಿ ಬರೀಬೇಕಂತೆ!”

ಅವನು ಮೇಲೆ ನೋಡಿದ, ಪಕ್ಕಕ್ಕೆ ನೋಡಿದ.

“ನೀವೇ ಇಟ್ಕೊಳ್ಳಿ ಮೇಡಂ,” ಎಂದು ಕೂಗಿದ. “ಅವಳೇನು ಮಾಡಿದಳು ಅಂತ ನಾನಿನ್ನು ಓದಲ್ಲ!”