ಪಕ್ಕದ ಕುರ್ಚಿಯ ಬಾಟಲಿ

ಹದಿನೈದು ದಿನಕ್ಕೊಂದು ಬುಧವಾರ, ಬಸ್ಸಿನಲ್ಲಿ ಎರಡು ಗಂಟೆ, ಹೊಲಿಯದೆ ಉಳಿಯುವ ಮೂರು ಅಂಗಿ, ಸೂಜಿಗೆಂದು ಎಡಗೈಯ ಒಂದು ನರ. ನನ್ನ ಔಷಧಿಗೆ ನಾನು ತೆರುತ್ತಿದ್ದುದು ಇಷ್ಟು. ಆಸ್ಪತ್ರೆಯಲ್ಲಿ ಪಕ್ಕದ ಕುರ್ಚಿಗೆ ಸೈಕಲ್ ರಿಪೇರಿಯವರು ಬಂದ ಮೇಲೆ ಎಲ್ಲವೂ ಅಗ್ಗವೆನಿಸಿತು.

ಇಬ್ಬರಿಗೂ ಒಂದೇ ಕಾಯಿಲೆ. ಸ್ನಾಯುಗಳಿಗೆ ಬೇಕಾದ ಒಂದು ಪ್ರೋಟೀನನ್ನು ನಮ್ಮ ಮೈ ಸರಿಯಾಗಿ ಮಾಡುವುದಿಲ್ಲ. ಅದನ್ನೇ ಹೊರಗೆ ತಯಾರಿಸಿ ಡ್ರಿಪ್ ಹಾಕುತ್ತಾರೆ.

“ಟೈಲರಮ್ಮ, ನೋಡ್ತಿರೋದು ನನ್ನ ಅಂಗಿ ಗುಂಡೀನೋ, ನನ್ನನ್ನೋ?”

“ಗುಂಡೀನೇ. ಎರಡನೇದು ನೇತಾಡ್ತಿದೆ. ನಿಮ್ಮಲ್ಲಿ ನೋಡೋಕೆ ಏನಿದೆ?”

“ಹಾಗಾದ್ರೆ ಮುಂದಿನ ಸಲ ಮೂರನೇದನ್ನೂ ಕಿತ್ಕೊಂಡು ಬರ್ತೀನಿ,” ಎಂದು ಕಿಟಕಿ ಕಡೆ ತಿರುಗಿ ನಕ್ಕರು. ಗಾಜಿನಲ್ಲಿ ನನ್ನನ್ನೇ ನೋಡುತ್ತಿದ್ದರು.

ಕೆಲವು ತಿಂಗಳಲ್ಲೇ ಡ್ರಿಪ್ ಹಾಕಿದಾಗಲೆಲ್ಲ ಅವರಿಗೆ ಮೈತುಂಬ ದದ್ದು, ಉಬ್ಬಸ. ಒಂದು ಬುಧವಾರ ಅವರ ಸ್ಟ್ಯಾಂಡಿನಲ್ಲಿ ಬಾಟಲಿಯೇ ಇರಲಿಲ್ಲ.

“ಇನ್ನು ನನಗೆ ಹಾಕಲ್ಲವಂತೆ. ನಿಮಗೆ ಹೇಳಿ ಹೋಗೋಣ ಅಂತ ಬಂದೆ.”

ಅವರಿಗೆ ಸಿಕ್ಕ ಬಾಟಲಿಗಳೇ ಕೆಟ್ಟಿದ್ದವೆಂದುಕೊಂಡು ನಾನು ಎದ್ದು ನಿಂತೆ. “ಡಾಕ್ಟ್ರೇ, ನನ್ನ ಬಾಟಲಿ ನನಗೆ ಒಗ್ಗಿದೆ. ಇದನ್ನೇ ಅವರಿಗೆ ಹಾಕಿ. ಅರ್ಧನಾದ್ರೂ ಹಾಕಿ.”

ಡಾಕ್ಟರು ಸ್ಟೂಲ್ ಎಳೆದುಕೊಂಡು ಕೂತರು. “ಎರಡರಲ್ಲೂ ಇರೋದು ಒಂದೇ ಔಷಧಿ ಕಣಮ್ಮ. ಜೀನಲ್ಲಿ ಬರೆದಿರೋದನ್ನ ಜೀವಕೋಶ ಮೊದಲು ನಕಲು ಮಾಡ್ಕೊಳ್ಳುತ್ತೆ. ಆ ನಕಲನ್ನ ಮೂರು ಮೂರು ಅಕ್ಷರ ಓದ್ತಾ, ಒಂದೊಂದೇ ಅಮೈನೊ ಆಮ್ಲ ಪೋಣಿಸಿ ಪ್ರೋಟೀನ್ ಮಾಡುತ್ತೆ. ನಿಮ್ಮದರಲ್ಲಿ ಒಂದು ಅಕ್ಷರ ತಪ್ಪು. ಪ್ರೋಟೀನ್ ಸೊಟ್ಟಗಾದ್ರೂ ಪೂರ್ತಿ ಆಗುತ್ತೆ. ಅವರದರಲ್ಲೂ ಒಂದೇ ಅಕ್ಷರ. ಆದ್ರೆ ಅದರಿಂದ ಮಧ್ಯದಲ್ಲೇ ‘ನಿಲ್ಲಿಸು’ ಅನ್ನೋ ಸೂಚನೆ ಬಂದುಬಿಟ್ಟಿದೆ, ಕೆಲಸ ಅರ್ಧಕ್ಕೇ ನಿಲ್ಲುತ್ತೆ. ಈ ಪ್ರೋಟೀನಿನ ಮುಖವನ್ನೇ ಅವರ ಮೈ ಕಂಡಿಲ್ಲ. ಶತ್ರು ಅಂತ ಹೊಡೆದಾಡುತ್ತೆ. ಅದನ್ನ ತಡೆಯೋಕೆ ಇದ್ದ ಔಷಧಿಗಳನ್ನೆಲ್ಲ ಕೊಟ್ಟಾಯ್ತು.”

ಡಾಕ್ಟರು ಹೋದರು. ನಾನು ಮತ್ತೆ ಕುರ್ಚಿಯಲ್ಲಿ ಕೂತೆ.

“ನನ್ನ ಮೈಗೆ ಬುದ್ಧಿ ಇಲ್ಲ ಬಿಡಿ,” ಎಂದರು ಸೈಕಲ್ಲಿನವರು. “ಒಳ್ಳೇದು ಬಂದ್ರೆ ಹೆದರ್ಕೊಳ್ಳುತ್ತೆ.”

“ನಿಮಗೂ ಅಷ್ಟೇ. ಎಂಟು ತಿಂಗಳಾಯ್ತು, ಮದುವೆ ಮಾತು ಬಾಯಿಗೆ ಬಂದಿಲ್ಲ.”

“ಈಗ ಕೇಳಿದ್ರೆ ಮೋಸ ಆಗುತ್ತೆ, ಟೈಲರಮ್ಮ.”

“ಕೇಳ್ತಿರೋದು ನಾನು. ಆಗ್ತೀರೋ ಇಲ್ವೋ?”

ಅವರು ಸೂಜಿ ಚುಚ್ಚಿರದ ನನ್ನ ಕೈಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡರು. ಕೆನ್ನೆ ಒದ್ದೆಯಾಗಿತ್ತು.

ಹನ್ನೊಂದು ತಿಂಗಳು ಒಂದೇ ಮನೆಯಲ್ಲಿದ್ದೆವು. ಅವರಿಗೆ ಚಮಚ ಭಾರವಾದ ವಾರವೇ ನಾನು ಮೊದಲ ಸಲ ಕಂಬಿ ಹಿಡಿಯದೆ ಮೆಟ್ಟಿಲು ಹತ್ತಿದೆ. ಹೇಳಬಾರದೆಂದಿದ್ದೆ. ಹೆಜ್ಜೆಯ ಸದ್ದಿನಲ್ಲೇ ಅವರಿಗೆ ತಿಳಿಯಿತು. “ಇನ್ನೊಂದ್ಸಲ ಹತ್ತು, ಕೇಳ್ತೀನಿ,” ಎಂದರು.

ಈಗ ನನ್ನ ಕಾಲುಗಳಲ್ಲಿ ಶಕ್ತಿ ಇದೆ. ಅವರಿಲ್ಲ.