ಒಂದು ಕೆಲಸಕ್ಕೆ ಒಂದು ರಟ್ಟು

ಕತ್ತರಿ ನಲವತ್ತನೆಯ ಪುಟದ ಅರ್ಧಕ್ಕೆ ಬಂದಿತ್ತು. ಆಗ ಬಾಗಿಲಲ್ಲಿ ಯಾರೋ ಬಂದು ನಿಂತರು.

ತಿಪ್ಪಮ್ಮ ತಲೆಯೆತ್ತಿದಳು. ಹೆಗಲಿಗೆ ಚೀಲ, ಮೊಣಕೈವರೆಗೆ ಗ್ರೀಸಿನ ಕಲೆ, ಕೂದಲಿಗೆಲ್ಲ ಬಸ್ಸಿನ ಧೂಳು... ಆತ ಅವಳನ್ನು ನೋಡುತ್ತಿರಲಿಲ್ಲ. ಮೇಜಿನ ತುಂಬ ಹರಡಿದ್ದ ಕಾಗದದ ತುಂಡುಗಳನ್ನು ನೋಡುತ್ತಿದ್ದ. ಒಂದನ್ನು ಎತ್ತಿಕೊಂಡು ಓದಿದ. ಮತ್ತೆ ಇದ್ದ ಜಾಗದಲ್ಲೇ ಇಟ್ಟ.

"ಇದು ನಾನು ಬರ್ದ ಪುಸ್ತಕ," ಎಂದ.

ಅವಳ ಕೈ ನಿಂತುಹೋಯಿತು.

"ಗೊತ್ತು. ನಿಮ್ಮ ಹೆಸರಿರೋ ಪುಟ ಕತ್ತರಿಸಿಲ್ಲ."

ಎಂಥ ಉತ್ತರ ಕೊಟ್ಟೆ! ಅವಳಿಗೇ ನಾಚಿಕೆಯಾಯಿತು. ಆತ ಬೈಯುತ್ತಾನೆಂದು ಕಾದಳು. ಆತ ಬೈಯಲಿಲ್ಲ. ಚೀಲವನ್ನು ಮೂಲೆಯಲ್ಲಿಟ್ಟು ಹೊರಗೆ ಹೋದ. ಬೈದಿದ್ದರೆ ವಾಸಿಯಿತ್ತು ಎಂದು ಅವಳಿಗೆ ಅಂದು ಪೂರ್ತಿ ಅನಿಸುತ್ತಲೇ ಇತ್ತು.

ಅದು ಸಾವಿರದ ಒಂಬೈನೂರ ಎಪ್ಪತ್ತನಾಲ್ಕು. ಚಿತ್ರದುರ್ಗದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಶಿವಕುಮಾರಪ್ಪನವರ ವರ್ಕ್‌ಶಾಪು. ಕಂಬಳಿಗೆ ಬೇಕಾದ ಕುರಿಯುಣ್ಣೆಯನ್ನು ಹಿಂಜುವ ಯಂತ್ರ ಅಲ್ಲಿ ತಯಾರಾಗುತ್ತಿತ್ತು. ಕೈಯಲ್ಲಿ ತಿರುಗಿಸುವ ಚಿಕ್ಕದು, ಕಾಲಲ್ಲಿ ತುಳಿಯುವ ದೊಡ್ಡದು, ಹೀಗೆ ಎರಡು ಬಗೆ.

ಯಂತ್ರದ ಜೊತೆ ಒಂದು ಪುಸ್ತಕ ಕೊಡುತ್ತಿದ್ದರು. ಅದನ್ನು ಬರೆದವನು ಅಲ್ಲಿನ ಮೆಕ್ಯಾನಿಕ್ ಚಿತ್ರಲಿಂಗಪ್ಪ. ಎಪ್ಪತ್ತೆರಡು ಪುಟ. ಅಧ್ಯಾಯವಿಲ್ಲ, ತಲೆಬರಹವಿಲ್ಲ, ಊರ ಕಟ್ಟೆಯ ಮೇಲೆ ಕೂತು ಹೇಳಿದ ಹಾಗೆ ಒಂದೇ ಓಟ. ಓದಲು ಸೊಗಸು. ಆದರೆ ಹಲ್ಲಿನಲ್ಲಿ ಉಣ್ಣೆ ಸಿಕ್ಕಿಕೊಂಡು ಯಂತ್ರ ನಿಂತಾಗ ಏನು ಮಾಡಬೇಕೆಂಬುದು ಯಾವ ಪುಟದಲ್ಲಿದೆಯೆಂದು ಬರೆದವನನ್ನು ಬಿಟ್ಟು ಇನ್ನಾರಿಗೂ ತಿಳಿಯುತ್ತಿರಲಿಲ್ಲ. ಹಿರಿಯೂರಿನಿಂದ, ಹೊಸದುರ್ಗದಿಂದ, ಹೊಳಲ್ಕೆರೆಯಿಂದ ವಾರವಾರ ಪತ್ರ ಬರುತ್ತಿತ್ತು. ಚಿತ್ರಲಿಂಗಪ್ಪ ಚೀಲ ಹೊತ್ತು ಬಸ್ಸು ಹತ್ತುತ್ತಿದ್ದ. ಪುಸ್ತಕ ಯಾಕೆ ಓದಬೇಕು, ಪತ್ರ ಹಾಕಿದರೆ ಅವನೇ ಬರುತ್ತಾನೆ ಎಂದು ಹಳ್ಳಿಯ ಹೆಂಗಸರು ನಗುತ್ತಿದ್ದರು.

ಆ ಪುಸ್ತಕವನ್ನು ಬಿಡಿಸಿ ಜೋಡಿಸಲೆಂದೇ ತಿಪ್ಪಮ್ಮನನ್ನು ಮೂರು ತಿಂಗಳಿಗೆ ತೆಗೆದುಕೊಂಡಿದ್ದರು. ಹಿರೇಗುಂಟನೂರಿನ ಕುರಿ ಸಾಕುವ ನಿಂಗಪ್ಪನ ಮಗಳು. ಆ ಮನೆಯಲ್ಲಿ ಬಿ.ಎಸ್ಸಿ. ಮುಗಿಸಿದವಳು ಅವಳೊಬ್ಬಳೇ. ಅವಳ ಯೋಚನೆ ಸರಳವಾಗಿತ್ತು. ಒಂದು ಕೆಲಸಕ್ಕೆ ಒಂದು ರಟ್ಟು. ಮೇಲೆ ಕೆಲಸದ ಹೆಸರು, ಅದರ ಕೆಳಗೆ ಎಚ್ಚರಿಕೆ, ಆಮೇಲೆ ಒಂದು, ಎರಡು, ಮೂರು ಎಂದು ಮಾಡಬೇಕಾದ್ದು. ಯಂತ್ರ ನಿಂತರೆ ಆ ರಟ್ಟನ್ನಷ್ಟೇ ಎಳೆದುಕೊಂಡರೆ ಸಾಕು. ಎರಡೂ ಯಂತ್ರಕ್ಕೆ ಒಂದೇ ಆಗಿರುವ ಕೆಲಸಕ್ಕೆ ಎರಡು ಸಲ ಬರೆಯುವುದೂ ಬೇಡ.

ಮೂರು ತಿಂಗಳ ಕೊನೆಗೆ ಪರೀಕ್ಷೆ. ಗೆದ್ದರೆ ರಟ್ಟುಗಳು ಅಚ್ಚಾಗುತ್ತವೆ, ಅವಳ ಕೆಲಸ ಕಾಯಂ. ಸೋತರೆ ಹಳೆಯ ಪುಸ್ತಕವೇ ಮತ್ತೆ ಅಚ್ಚಿಗೆ, ಅವಳು ಹಿರೇಗುಂಟನೂರಿಗೆ. ಓದಿ ಏನು ಮಾಡಿದಳು ಎಂದು ಕೇಳಲು ಅಲ್ಲಿ ಜನ ಕಾಯುತ್ತಿದ್ದರು.

ಮರುದಿನ ಚಿತ್ರಲಿಂಗಪ್ಪ ತಾನಾಗಿಯೇ ಅವಳ ಎದುರು ಕುರ್ಚಿ ಎಳೆದುಕೊಂಡು ಕೂತ. ಹಾಳೆಯ ಎರಡೂ ಬದಿ ಅಚ್ಚಾಗಿರುವುದರಿಂದ ಕತ್ತರಿಸಲು ಎರಡು ಪ್ರತಿ ಬೇಕೆಂದು ಅವಳು ಯಜಮಾನ ಶಿವಕುಮಾರಪ್ಪನವರಲ್ಲಿ ಕೇಳಿದ್ದು ಅವನಿಗೆ ಗೊತ್ತಾಗಿತ್ತು. ಇನ್ನೊಂದು ಪ್ರತಿ ತಂದಿದ್ದ. ಅದು ಅವನದೇ ಪ್ರತಿ, ಅಂಚಿನಲ್ಲೆಲ್ಲ ಪೆನ್ಸಿಲ್ ಟಿಪ್ಪಣಿ.

"ಇದನ್ನೂ ಕತ್ತರಿಸ್ಲಾ?" ಅವಳ ದನಿ ಸಣ್ಣದಾಗಿತ್ತು.

"ಕತ್ತರಿಸ್ರಿ. ನಾನು ಆ ಕಡೆ ನೋಡ್ತಿರ್ತೀನಿ."

ನಗಬೇಕೋ ಬೇಡವೋ ತಿಳಿಯದೆ ಅವಳು ಅವನ ಮುಖ ನೋಡಿದಳು. ಅವನು ನಿಜಕ್ಕೂ ಕಿಟಕಿಯತ್ತ ತಿರುಗಿದ್ದ. ಆ ಗಳಿಗೆಯಲ್ಲೇ ಏನೋ ಆಯಿತು. ಅದಕ್ಕೆ ಏನು ಹೆಸರೆಂದು ಅವಳಿಗೆ ಆಗ ಹೊಳೆಯಲಿಲ್ಲ...

ಮೇಜಿನ ಮೇಲೆ ನಾಲ್ಕು ಬುಟ್ಟಿಗಳಿದ್ದವು. ಭಾಗಗಳ ಹೆಸರಿಗೆ ಒಂದು, ಕೆಲಸಗಳಿಗೆ ಒಂದು, ಎಚ್ಚರಿಕೆಗೆ ಒಂದು. ನಾಲ್ಕನೆಯದು ಕಥೆಗಳಿಗೆ. ಎಲ್ಲಕ್ಕಿಂತ ಮೊದಲು ತುಂಬಿದ್ದು ಅದೇ. ಅದರಿಂದ ಏನೂ ರಟ್ಟಿಗೆ ಹೋಗುವುದಿಲ್ಲವೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಮಾತಾಡಿದ್ದು ಅವಳು, ಸುಮ್ಮನಿದ್ದದ್ದು ಅವನು.

"ಹೊರಕೆರೆದೇವಪುರದ ಕಾಳಕ್ಕ ಯಂತ್ರಕ್ಕೆ ಎಣ್ಣೆ ಬಿಟ್ಟು, ಬೆಲ್ಟು ಜಾರಿ ಜಾರಿ ಬಿದ್ದು, ದೆವ್ವ ಹೊಕ್ಕೈತೆ ಅಂತ ನಿಂಬೆಹಣ್ಣು ಕಟ್ಟಿದ್ಳು..." ಎಂದು ತಿಪ್ಪಮ್ಮ ಓದಿ ನಕ್ಕಳು. ತುಂಡನ್ನು ನಾಲ್ಕನೆಯ ಬುಟ್ಟಿಗೆ ಹಾಕಿದಳು.

"ಪಾಪ ಕಾಳಕ್ಕ," ಎಂದ ಅವನು.

"ಅವ್ಳಿಗೇನೂ ಆಗಲ್ಲ ಬಿಡ್ರಿ. ಬುಟ್ಟೀಲಿ ಬೆಚ್ಚಗಿರ್ತಾಳೆ."

ದಿನಗಳು ಹಾಗೆ ಕಳೆದವು. ಅವನು ಕಡಿಮೆ ಮಾತಿನವನು. ಬರೆಯುವಾಗ ಮಾತ್ರ ಧಾರಾಳ. ಇಷ್ಟು ಮೌನಿಯಾದವನೊಳಗೆ ಎಪ್ಪತ್ತೆರಡು ಪುಟದ ಮಾತು ಎಲ್ಲಿ ಅಡಗಿತ್ತು ಎಂದು ಅವಳು ಆಶ್ಚರ್ಯಪಡುತ್ತಿದ್ದಳು. ಊರೂರು ತಿರುಗಿ ಬಂದ ದಿನ ಚೀಲದಿಂದ ಒಂದು ಹಿಡಿ ಕಡಲೆಕಾಯಿ ತೆಗೆದು ಅವಳ ಮೇಜಿನ ಮೂಲೆಯಲ್ಲಿಡುತ್ತಿದ್ದ. ಯಾರಿಗೆಂದು ಹೇಳುತ್ತಿರಲಿಲ್ಲ. ಅವಳೂ ಕೇಳುತ್ತಿರಲಿಲ್ಲ. ಕಸ ಗುಡಿಸುವ ಗಂಗಕ್ಕ ಮಾತ್ರ, ಈ ಮೇಜಿನ ಕೆಳಗೆ ಸಿಪ್ಪೆ ಜಾಸ್ತಿಯಾಗೈತೆ ಎಂದು ಇಬ್ಬರಿಗೂ ಕೇಳುವಂತೆ ಗೊಣಗುತ್ತಿದ್ದಳು.

ಅವನು ಬಸ್ಸು ಹತ್ತಿ ಹೋದ ದಿನ ಎದುರಿನ ಕುರ್ಚಿ ಅವಳ ಕಣ್ಣಿಗೆ ಸುಮ್ಮಸುಮ್ಮನೆ ಬೀಳುತ್ತಿತ್ತು. ಇದೇನು ಹುಚ್ಚು... ಎಂದು ತನ್ನನ್ನೇ ಗದರಿಕೊಂಡು ಮತ್ತೊಂದು ರಟ್ಟು ಎಳೆದುಕೊಳ್ಳುತ್ತಿದ್ದಳು.

ಕೊನೆಗೆ ಚಿಕ್ಕ ಯಂತ್ರಕ್ಕೆ ಇಪ್ಪತ್ತೊಂದು ರಟ್ಟುಗಳ ಕಟ್ಟು ಸಿದ್ಧವಾಯಿತು. ಹೊಸದುರ್ಗದ ಕಡೆಯ ಮತ್ತೋಡಿನ ಹೆಂಗಸರು, ಯಂತ್ರವನ್ನು ಹಿಂದೆ ಕಂಡೇ ಇಲ್ಲದವರು, ಈ ರಟ್ಟುಗಳನ್ನಷ್ಟೇ ನೋಡಿಕೊಂಡು ಒಂದು ಕುರಿಯ ಉಣ್ಣೆ ಹಿಂಜಬೇಕು. ಯಜಮಾನರ ಷರತ್ತು ಒಂದೇ. ಉಣ್ಣೆ ಹಿಂಜಿ ಮುಗಿಯುವ ತನಕ ವರ್ಕ್‌ಶಾಪಿನವರು ಅಲ್ಲಿ ಬಾಯಿ ಬಿಡಬಾರದು, ಕೈಸನ್ನೆಯನ್ನೂ ಮಾಡಬಾರದು.

ಪರೀಕ್ಷೆಯ ಹಿಂದಿನ ದಿನ ಯಂತ್ರದ ಜೊತೆ ಚಿತ್ರಲಿಂಗಪ್ಪ ಲಾರಿಯಲ್ಲಿ ಹೋದ. ತಿಪ್ಪಮ್ಮ ಆಗ ಅಚ್ಚಿನ ಖರ್ಚು ವಿಚಾರಿಸಲು ಪ್ರೆಸ್ಸಿಗೆ ಹೋಗಿದ್ದಳು. ವಾಪಸು ಬಂದಾಗ, ಅವನು ಲಾರಿ ನಿಲ್ಲಿಸಿ ಓಡಿಬಂದು ಅವಳ ಮೇಜಿನ ಡ್ರಾಯರ್ ತೆಗೆದಿದ್ದನೆಂದು ಗಂಗಕ್ಕ ಹೇಳಿದಳು. ಪೆನ್ಸಿಲ್ಲು ಬೇಕಾಗಿತ್ತೇನೋ ಎಂದುಕೊಂಡು ಸುಮ್ಮನಾದಳು.

ಬೆಳಿಗ್ಗೆ ಯಜಮಾನರ ಜೊತೆ ಹೊಸದುರ್ಗದ ಬಸ್ಸಿನಲ್ಲಿ ಕೂತು, ಸಂತೋಷ ತಡೆಯಲಾರದೆ ಕಟ್ಟು ಬಿಚ್ಚಿ ಎಣಿಸಿದಳು.

ಇಪ್ಪತ್ತು.

ಮತ್ತೆ ಎಣಿಸಿದಳು. ಒಂಬತ್ತನೆಯದು ಇರಲಿಲ್ಲ. 'ಎಣ್ಣೆ ಬಿಡುವುದು.'

ಕಟ್ಟು ಇಟ್ಟಿದ್ದ ಡ್ರಾಯರ್ ತೆಗೆದವನು ಅವನೊಬ್ಬನೇ. ತನ್ನ ಪುಸ್ತಕ ಉಳಿಯಲಿ ಎಂದೇ... ಇಷ್ಟು ದಿನ ಎದುರು ಕೂತದ್ದು ಇದಕ್ಕೇ? ಆ ಕಡಲೆಕಾಯಿ, ಆ ಮೌನ, ಎಲ್ಲವೂ ಇದಕ್ಕೇ? ಯಜಮಾನರಿಗೆ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಅವನ ಕೆಲಸ ಹೋಗುತ್ತದೆ. ಮೋಸ ಹೋದ ಮೇಲೂ ಅವನ ಕೆಲಸದ ಚಿಂತೆ ತನಗೇಕೆ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಬಸ್ಸಿನ ಕಿಟಕಿಯಾಚೆ ಏನು ಹಾದುಹೋಯಿತೋ ಅವಳಿಗೆ ಕಾಣಲಿಲ್ಲ.

ಮತ್ತೋಡಿನಲ್ಲಿ ಹುಚ್ಚಕ್ಕನ ಮನೆಯ ಪಡಸಾಲೆಯಲ್ಲಿ ಯಂತ್ರ ಇಟ್ಟಿದ್ದರು. ಹದಿನೈದು ಇಪ್ಪತ್ತು ಹೆಂಗಸರು ಸೇರಿದ್ದರು. ಚಿತ್ರಲಿಂಗಪ್ಪ ಅಂಗಳದ ಬೇವಿನ ಮರದ ಕೆಳಗೆ, ಯಂತ್ರಕ್ಕೆ ಬೆನ್ನು ಮಾಡಿ ಕೂತಿದ್ದ.

ಬೆನ್ನು ಮಾಡಿ! ಮುಖ ತೋರಿಸಲು ಆಗುತ್ತಿಲ್ಲ, ಅಲ್ಲವೇ...

ತಿಪ್ಪಮ್ಮ ನೇರ ಅವನ ಮುಂದೆ ಹೋಗಿ ನಿಂತಳು.

"ಒಂಬತ್ತನೇದು ಎಲ್ಲೈತೆ?" ಯಾರಿಗೂ ಕೇಳದಷ್ಟು ಮೆಲ್ಲಗೆ ಕೇಳಿದಳು.

ಅವನು ಅವಳತ್ತ ನೋಡಿದ. ತುಟಿ ಅಲುಗಿತು. ಕಚ್ಚಿ ತಡೆದುಕೊಂಡ.

"ನೀವು ಬಂದು ಬೈದಿದ್ರೆ ಕತ್ತರಿ ಕೆಳಗಿಡ್ತಿದ್ದೆ. ಹಿಂಗ್ ಮಾಡೋದಾ? ನಾನು ನಿಮ್ಮನ್ನ ಎಷ್ಟು..."

"ತಿಪ್ಪಮ್ಮ, ಷರತ್ತು," ಎಂದು ಯಜಮಾನರು ಪಡಸಾಲೆಯಿಂದ ಕೂಗಿದರು.

ಕೋಲೂರಿಕೊಂಡು ಹೊರಬಂದ ಹುಚ್ಚಕ್ಕ ಇಬ್ಬರನ್ನೂ ನೋಡಿದಳು. "ನಿನ್ನೆಯಿಂದ ಇವ್ನು ಹಿಂಗೇ ನೋಡವ್ವ. ಮುದ್ದೆ ಇಕ್ಲಾ ಅಂದ್ರೂ ತಲೆಯಾಡಿಸ್ತಾನೆ ಹೊರ್ತು ಮಾತಿಲ್ಲ. ಏನಪ್ಪ, ಬಾಯಿಗೆ ಬೀಗ ಹಾಕ್ಕೊಂಡು ಕೀಲಿ ಕಳ್ಕಂಡ್ಯಾ? ಇಂಥೋನಿಗೆ ಹೆಣ್ಣು ಕೊಡೋರು ಯಾರು?"

ಹೆಂಗಸರು ನಕ್ಕರು. ತಿಪ್ಪಮ್ಮ ನಗಲಿಲ್ಲ. ಕಟ್ಟನ್ನು ಹುಚ್ಚಕ್ಕನ ಸೊಸೆ ಕಾಟಮ್ಮನ ಕೈಗೆ ಕೊಟ್ಟಳು. ನಾಲ್ಕನೇ ತರಗತಿವರೆಗೆ ಓದಿದ್ದ ಕಾಟಮ್ಮ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಉಳಿದವರು ಮಾಡಿದರು. ಒಂದನೆಯ ರಟ್ಟು, ಎರಡನೆಯ ರಟ್ಟು... ಐದನೆಯದರಲ್ಲಿ ಒಬ್ಬಳು ಹಿಡಿಕೆಯನ್ನು ಉಲ್ಟಾ ಹಾಕಿದಳು. ಕಾಟಮ್ಮ ಮತ್ತೆ ಓದಿದಳು, ಸರಿ ಹೋಯಿತು. ತಿಪ್ಪಮ್ಮನಿಗೆ ಖುಷಿಪಡಲೂ ಆಗಲಿಲ್ಲ. ಎಂಟು ಮುಗಿದ ಮೇಲೆ ಏನೆಂದು ಅವಳಿಗೆ ಗೊತ್ತಿತ್ತು.

ಎಂಟು ಮುಗಿಯಿತು.

"ಒಂಬತ್ತು ಇಲ್ವಲ್ಲ," ಎಂದಳು ಕಾಟಮ್ಮ. ಯಜಮಾನರ ಹುಬ್ಬು ಗಂಟಾಯಿತು.

"ಇಲ್ಲೈತೆ ನೋಡೇ, ಕಣ್ಣು ಕಾಣಲ್ವಾ," ಎಂದು ಹುಚ್ಚಕ್ಕ ಕೋಲಿನಿಂದ ತೋರಿಸಿದಳು. ಯಂತ್ರದ ಎಣ್ಣೆ ತೂತಿನ ಪಕ್ಕ, ಉಣ್ಣೆಯ ದಾರದಲ್ಲಿ ಕಟ್ಟಿದ್ದ ಒಂದು ರಟ್ಟು.

ಕಾಟಮ್ಮ ಓದಿದಳು.

"ಒಂಬತ್ತು. ಎಣ್ಣೆ ಬಿಡುವುದು. ಚಿಕ್ಕ ಯಂತ್ರಕ್ಕೆ ಮಾತ್ರ. ಎಚ್ಚರಿಕೆ: ಎಣ್ಣೆ ತೂತು ಬೆಲ್ಟಿನ ನೇರ ಮೇಲಿದೆ. ಒಂದು, ಬೆಲ್ಟನ್ನು ಬಿಚ್ಚಿ. ಎರಡು, ತೂತಿಗೆ ನಾಲ್ಕು ಹನಿ ಎಣ್ಣೆ ಬಿಡಿ. ಮೂರು, ಸೋರಿದ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ. ನಾಲ್ಕು, ಬೆಲ್ಟನ್ನು ಮತ್ತೆ ಹಾಕಿ."

ತಿಪ್ಪಮ್ಮ ಬಗ್ಗಿ ರಟ್ಟನ್ನು ನೋಡಿದಳು. ಅಕ್ಷರ ಚಿತ್ರಲಿಂಗಪ್ಪನದು.

ದೊಡ್ಡ ಯಂತ್ರದಲ್ಲಿ ಬೆಲ್ಟು ಇನ್ನೊಂದು ಬದಿಗಿತ್ತು. ಎರಡಕ್ಕೂ ಒಂದೇ ರಟ್ಟು ಸಾಕೆಂದು ಅವಳು ಬರೆದದ್ದರಲ್ಲಿ ಬೆಲ್ಟು ಬಿಚ್ಚುವ ಮಾತೇ ಇರಲಿಲ್ಲ. ಹಾಗೇ ಓದಿ ಎಣ್ಣೆ ಬಿಟ್ಟಿದ್ದರೆ ಅದು ಬೆಲ್ಟಿನ ಮೇಲೆ ಸೋರಿ, ಬೆಲ್ಟು ಜಾರಿ ಜಾರಿ... ಕಾಳಕ್ಕ! ನಿಂಬೆಹಣ್ಣು ಕಟ್ಟಿದ ಕಾಳಕ್ಕ. ಎಪ್ಪತ್ತೆರಡು ಪುಟದಲ್ಲಿ ಆ ಎಚ್ಚರಿಕೆ ಇದ್ದದ್ದು ಆ ಕಥೆಯೊಳಗೆ ಮಾತ್ರ. ನಕ್ಕು ಬುಟ್ಟಿಗೆ ಹಾಕಿದವಳು ತಾನೇ.

ಲಾರಿಗೆ ಯಂತ್ರ ಹೇರುವಾಗ ಅವನಿಗೆ ಎಣ್ಣೆ ತೂತೂ ಅದರ ಕೆಳಗಿನ ಬೆಲ್ಟೂ ಕಂಡಿರಬೇಕು. ಓಡಿಬಂದಿರಬೇಕು. ಅವಳು ಇರಲಿಲ್ಲ. ತಪ್ಪಾದ ರಟ್ಟನ್ನು ತೆಗೆದುಕೊಂಡು, ಇಲ್ಲಿ ಬಂದು, ಅವಳು ಬರೆಯುವ ಹಾಗೆಯೇ ಬರೆದಿದ್ದ. ಒಂದು, ಎರಡು, ಮೂರು, ನಾಲ್ಕು. ಒಂದೂ ಕಥೆಯಿಲ್ಲದೆ.

ಅವಳು ಅಂಗಳದತ್ತ ನೋಡಿದಳು. ಅವನ ಬೆನ್ನು ಹಾಗೇ ಇತ್ತು. ತನ್ನ ಕಣ್ಣು ಕೂಡ ಹೆಂಗಸರಿಗೆ ದಾರಿ ತೋರಿಸಬಾರದೆಂದು ತಿರುಗಿ ಕೂತವನ ಬೆನ್ನು.

ಬೆಲ್ಟು ಬಿಚ್ಚಿದರು. ನಾಲ್ಕು ಹನಿ ಬಿಟ್ಟರು. ಒರೆಸಿದರು. ಮತ್ತೆ ಹಾಕಿದರು. ಇಪ್ಪತ್ತೊಂದನೆಯ ರಟ್ಟಿನ ಹೊತ್ತಿಗೆ ಹುಚ್ಚಕ್ಕನೇ ಹಿಡಿಕೆ ತಿರುಗಿಸುತ್ತಿದ್ದಳು. ಕರಿಯ ಉಣ್ಣೆ ಮೋಡದ ಹಾಗೆ ಹಗುರಾಗಿ ಹೊರಬರುತ್ತಿತ್ತು. ಹೆಂಗಸರೆಲ್ಲ ಒಮ್ಮೆಗೇ ಮಾತಾಡತೊಡಗಿದರು. ಎಲ್ಲ ರಟ್ಟುಗಳೂ ಮುಂದಿನ ತಿಂಗಳು ಅಚ್ಚಿಗೆ ಹೋಗಲಿ, ದೊಡ್ಡ ಯಂತ್ರದ್ದನ್ನೂ ಶುರುಮಾಡು ಎಂದು ಯಜಮಾನರು ತಿಪ್ಪಮ್ಮನಿಗೆ ಹೇಳಿದರು. ಅವಳು ತಲೆಯಾಡಿಸಿದಳು. ಅರ್ಧ ಮಾತ್ರ ಕಿವಿಗೆ ಬಿದ್ದಿತ್ತು.

ಅವಳು ಬೇವಿನ ಮರದ ಕೆಳಗೆ ಹೋಗಿ, ಸ್ವಲ್ಪ ದೂರ ಬಿಟ್ಟು ಕೂತಳು.

"ಇನ್ನ ಮಾತಾಡಬೋದು," ಎಂದಳು. "ಮುಗೀತು."

"ಹೂಂ."

"ನಾನು ಕೆಟ್ಟದಾಗಿ ಅಂದುಬಿಟ್ಟೆ. ತಪ್ಪಾಯ್ತು. ತಪ್ಪು ನನ್ನ ರಟ್ಟಿನದು, ನೀವು ಅದನ್ನ ಯಾರಿಗೂ ತೋರ್ಸದಂಗೆ ಕಾಪಾಡಿದ್ರಿ."

"ಏಳು ಸಲ ಬರ್ದೆ," ಎಂದ ಅವನು ನೆಲ ನೋಡುತ್ತ. "ಆರು ಸಲ ಕಾಳಕ್ಕ ಬಂದ್ಬಿಟ್ಳು."

ಅವಳಿಗೆ ನಗು ಬಂತು. ಅದರ ಹಿಂದೆಯೇ ಕಣ್ಣೀರೂ ಬಂತು. ಸೆರಗಿನಿಂದ ಒರೆಸಿಕೊಂಡಳು.

"ನಾಳೆಯಿಂದ ಒಂದು ಕೆಲ್ಸ ಮಾಡಾಣ," ಎಂದಳು. "ಕಥೆ ಬುಟ್ಟೀನೆಲ್ಲ ಇಬ್ರೂ ಕುಂತು ಮತ್ತೆ ಓದಾಣ. ಇನ್ನೂ ಯಾವ್ಯಾವ ಎಚ್ಚರಿಕೆ ಅದರೊಳಗೆ ಅವೆಯೋ."

"ಬಾಳ ದಿನ ಹಿಡಿತೈತೆ."

"ಹಿಡೀಲಿ."

ಅವನು ಸುಮ್ಮನಾದ. ಈ ಸಲದ ಮೌನ ಬೇರೆ ಥರ ಇತ್ತು. ಅದರೊಳಗೆ ಏನೋ ಎದ್ದು ಬರುತ್ತಿರುವುದು ಅವಳಿಗೆ ಗೊತ್ತಾಗುತ್ತಿತ್ತು.

"ಬೆಳಿಗ್ಗೆ ನೀವು 'ನಾನು ನಿಮ್ಮನ್ನ ಎಷ್ಟು' ಅಂತ ಅಂದು ನಿಲ್ಲಿಸಿಬಿಟ್ರಿ," ಎಂದ.

ಅವಳು ಮರದ ಬೇರನ್ನು ಉಗುರಿನಿಂದ ಕೆರೆಯುತ್ತ ಕೂತಳು. "ನಿಮ್ಗೆ ಗೊತ್ತಾಗಿರಬೇಕಲ್ಲ."

"ಗೊತ್ತಾಯ್ತು. ಅದಕ್ಕೇ ಷರತ್ತು ಮುರಿಯೋಂಗಾಗಿತ್ತು." ಗಂಟಲು ಸರಿಮಾಡಿಕೊಂಡ. "ನಾನೂ ಒಂದು ಮಾತು ಹೇಳಬೇಕು. ನಿಮ್ಮ ಥರಾನೇ ಹೇಳ್ತೀನಿ. ಒಂದು, ಅವ್ವನ್ನ ಕರ್ಕಂಡು ಹಿರೇಗುಂಟನೂರಿಗೆ ಬರ್ತೀನಿ. ಎರಡು, ನಿಮ್ಮಪ್ಪನ್ನ ಕೇಳ್ತೀನಿ. ಮೂರು..."

"ಬ್ಯಾಡ," ಎಂದಳು ತಿಪ್ಪಮ್ಮ. ಅವಳ ಮುಖ ಕೆಂಪಾಗಿತ್ತು, ಕಣ್ಣು ನಗುತ್ತಿತ್ತು. "ಅದು ಅಪ್ಪಂಗೆ ಹೇಳ್ರಿ, ಅಪ್ಪ ಒಪ್ತಾನೆ. ನಂಗೆ ನಂಬರು ಹಾಕಿ ಹೇಳಬ್ಯಾಡ್ರಿ. ಮೊದ್ಲಿಂದ ಹೇಳ್ರಿ. ನೀವು ಬರೀತೀರಲ್ಲ, ಹಂಗೆ, ಉದ್ದಕ್ಕೆ."

"ಬಸ್ಸು ಹೋಗ್ಬಿಡ್ತೈತೆ."

"ಇನ್ನೊಂದು ಬರ್ತೈತೆ. ಹೇಳ್ರಿ."

ಅವನು ಅವಳತ್ತ ಪೂರ್ತಿ ತಿರುಗಿ ಕೂತ. ಹೇಳತೊಡಗಿದ.