ಝೀಂಝನಿಯಲ್ಲಿ ಏನೂ ಇಲ್ಲ

"ನಿಲ್ಲಿಸು! ಗಾಡಿ ನಿಲ್ಲಿಸು ಅಂದ್ರೆ!"

ಜೀಪಿನಿಂದ ಎರಡೇ ಮಾರು ದೂರದಲ್ಲಿ ಆಡು ಕಾಯುವ ಧಾಪು ಕೋಲು ಅಡ್ಡ ಹಿಡಿದು ನಿಂತಿದ್ದಳು. ಬ್ರೇಕ್ ಹಾಕಿದ ರಭಸಕ್ಕೆ ಎದ್ದ ಮರಳೆಲ್ಲ ಅವಳು ತಲೆಗೆ ಹೊದ್ದ ಕೆಂಪು ಓಢಣಿಯ ಮೇಲೆ ಕೂತಿತು. ಹಿಂದಿನ ಸೀಟಿನಲ್ಲಿ ಕ್ಯಾಮೆರಾ ಹಿಡಿದು ಕೂತಿದ್ದ ಇಬ್ಬರು ಮುಗ್ಗರಿಸಿದರು.

"ತಲೆ ಕೆಟ್ಟಿದ್ಯಾ? ಸಾಯ್ಬೇಕು ಅಂತಿದ್ರೆ ಬೇರೆ ಜೀಪು ನೋಡ್ಕೋ!" ಎಂದು ಕೂಗಿದ ಗೈಡ್ ಖೀಮಾರಾಮ್.

"ಸಾಯೋದು ನಾನಲ್ಲ. ಇಳಿದು ಚಕ್ರದ ಮುಂದೆ ನೋಡು, ಕಣ್ಣಿದ್ರೆ!"

ಅವನು ಇಳಿದು ಬಗ್ಗಿ ನೋಡಿದ. ಚಕ್ರಕ್ಕೆ ಗೇಣು ದೂರದಲ್ಲಿ, ಹುಲ್ಲಿನ ಬುಡದಲ್ಲಿ, ನೆಲಗುಬ್ಬಿಯ ಮೂರು ಮೊಟ್ಟೆಗಳು.

ಅವನು ಬಾಯಿ ಮುಚ್ಚಿಕೊಂಡು ಜೀಪು ಹತ್ತಿದ. ತಿರುಗಿಸಿದರೆ ಇನ್ನೊಂದು ಗೂಡು ಚಕ್ರಕ್ಕೆ ಸಿಕ್ಕೀತೆಂದು, ಬಂದ ಚಕ್ರದ ಗುರುತಿನ ಮೇಲೆಯೇ ಅರ್ಧ ಮೈಲಿ ಹಿಂದಕ್ಕೆ ಓಡಿಸಿಕೊಂಡು ಹೋದ. ಧಾಪುವಿಗೆ ನಗು ತಡೆಯಲಾಗಲಿಲ್ಲ. ಹಿಂದೆ ನೋಡಿಕೊಂಡು ಓಡಿಸಬೇಕಾದವನು ಮುಂದೆ, ಅವಳನ್ನೇ ನೋಡುತ್ತಿದ್ದ.

ಮರುದಿನ ಅವನು ನಡೆದುಕೊಂಡೇ ಬಂದ.

"ಜೀಪು ಎಲ್ಲಿ, ಗೈಡ್ ಸಾಹೇಬ್ರೆ?"

"ನಿನಗೆ ಹೆದರಿ ಮನೇಲೇ ಕೂತಿದೆ."

ಹೀಗೆ ಶುರುವಾಯಿತು. ಅವನಿಗೆ ಹಕ್ಕಿಗಳ ಹೆಸರು ಗೊತ್ತಿತ್ತು, ಅವಳಿಗೆ ಹಕ್ಕಿಗಳೇ ಗೊತ್ತಿದ್ದವು. ಎದೆಯುಬ್ಬಿಸಿ ಅತ್ತಿತ್ತ ಹೊರಳುವ ಪುಟ್ಟ ಅಪರೂಪದ ಹಕ್ಕಿಯೊಂದು ಬೇಕಾದರೆ ಎಕ್ಕದ ಗಿಡದ ತುದಿ ನೋಡಬೇಕು. ರಣಹದ್ದು ಬೇಕಾದರೆ ಸತ್ತ ದನ ಎಸೆಯುವ ಕಡೆ ಹೋಗಬೇಕು. ಆಡು ಕಾಯುತ್ತಾ ಅವಳು ಹೇಳುತ್ತಿದ್ದಳು, ಅವನು ಬರೆದುಕೊಳ್ಳುತ್ತಿದ್ದ. ಗೋಡಾವಣದ ವಿಷಯ ಬಂದರೆ ಮಾತ್ರ ಇಬ್ಬರೂ ದನಿ ತಗ್ಗಿಸುತ್ತಿದ್ದರು. ಆಡಿನಷ್ಟು ಎತ್ತರ ನಿಲ್ಲುವ ಆ ಹಕ್ಕಿಗಳಲ್ಲಿ ಎಷ್ಟೋ ಕರೆಂಟು ತಂತಿಗೆ ಬಡಿದು ಸತ್ತು, ಸೀಮೆಯಲ್ಲೆಲ್ಲ ಬೆರಳೆಣಿಕೆಯಷ್ಟೇ ಉಳಿದಿತ್ತು. ಇಡುವುದೋ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ!

ನಾಲ್ಕನೆಯದೂ ಹೆಣ್ಣಾದಾಗ ಮನೆಯವರು 'ಸಾಕು' ಎಂಬ ಅರ್ಥದಲ್ಲಿ ಇಟ್ಟ ಹೆಸರು ಧಾಪು. ಅದು ಗೊತ್ತಾದ ದಿನ ಖೀಮ ಅಂದಿದ್ದ, "ಮನೆಯವರಿಗೆಲ್ಲ ಸಾಕಾದವಳು ನನಗೆ ಬೇಕು. ನಿಮ್ಮಪ್ಪನ್ನ ಕೇಳ್ಲಾ?"

ಅವಳು ಮುಖ ಮುಚ್ಚಿಕೊಂಡು ಆಡುಗಳ ಹಿಂದೆ ಓಡಿದಳು. ಅವನು ಕೇಳಿದ. ನಿಶ್ಚಿತಾರ್ಥವೂ ಆಯಿತು. ಅವನ ತಾಯಿ ತನ್ನ ಬೆಳ್ಳಿ ಕಡಗಗಳನ್ನು ಧಾಪುವಿನ ಕಾಲಿಗೆ ತೊಡಿಸಿದಳು. ಕಾರ್ತಿಕದ ದೇವ್-ಉಠನಿ ಏಕಾದಶಿ ಕಳೆದ ಕೂಡಲೇ ಮದುವೆ ಎಂದು ನಿಗದಿಯಾಯಿತು.

ಆ ಶ್ರಾವಣದಲ್ಲೇ ಧಾಪುವಿಗೆ ಮೊಟ್ಟೆ ಕಂಡಿದ್ದು.

ಝೀಂಝನಿ ಓರಣ ದೇವರ ಕಾಡು. ಅಲ್ಲಿ ಯಾರೂ ಒಂದು ಕಡ್ಡಿ ಮುರಿಯುವುದಿಲ್ಲ. ಅದರ ಪಡುವಣ ಅಂಚಿನಲ್ಲಿ, ಸೇವಣ ಹುಲ್ಲಿನ ನಡುವೆ, ಹೆಣ್ಣು ಗೋಡಾವಣವೊಂದು ಕಾವು ಕೂತಿತ್ತು. ಧಾಪು ಉಸಿರು ಬಿಗಿಹಿಡಿದು ಹಿಂದೆ ಸರಿದಳು. ನೇರ ಮನೆಗೆ ಬಂದು ಅಪ್ಪನ ತಾಯಿ ದಾದಿಯ ಕಾಲ ಬಳಿ ಕೂತಳು. ದಾದಿ ಮೊಮ್ಮಗಳ ಮುಖ ನೋಡಿಯೇ ಅರ್ಥ ಮಾಡಿಕೊಂಡಳು.

"ಎಲ್ಲಿ ಅಂತ ನನಗೂ ಹೇಳ್ಬೇಡ. ಮರಿ ತನ್ನ ಕಾಲ ಮೇಲೆ ನಡೆಯೋವರೆಗೂ ಮೊಟ್ಟೆ ಕಂಡೋರ ಬಾಯಿ ಹೊಲಿದಿರ್ಬೇಕು. ನಮ್ಮ ಮನೆ ಹೆಂಗಸರು ಗಂಡನಿಗೂ ಹೇಳಿಲ್ಲ, ತಿಳೀತಾ? ಓರಣದ ದೇವರ ಆಣೆ ಇದು."

ಧಾಪು ಆಣೆ ಇಟ್ಟಳು.

ನಾಲ್ಕೇ ದಿನಕ್ಕೆ ಖೀಮ ಬಂದು ಕೇಳಿದ. ಅವನ ಮುಖದಲ್ಲಿ ಎಂದೂ ಇಲ್ಲದ ಅವಸರ.

"ಧಾಪು, ಝೀಂಝನಿ ಕಡೆ ಈ ಸಲ ಏನಾದ್ರೂ ಕಂಡ್ಯಾ?"

ಹೇಳಿಬಿಡಲೇ? ಇವನಲ್ಲವೇ... ನಾಳೆ ಗಂಡನಾಗುವವನು! ಆದರೆ ಆಣೆ?

"ಝೀಂಝನೀಲಾ? ಏನೂ ಇಲ್ಲ. ಹನ್ನೊಂದು ವರ್ಷದಿಂದ ಅಲ್ಲಿ ಒಂದು ಗರಿನೂ ಬಿದ್ದಿಲ್ಲ."

"ಖಂಡಿತಾ?"

"ನನ್ನ ಮಾತು ನಂಬಲ್ವಾ?"

"ನಿನ್ನ ಮಾತು ನಂಬದೆ ಇನ್ಯಾರ ಮಾತು ನಂಬ್ಲಿ?" ಎಂದು ನಕ್ಕು ಹೋದ.

ಅವನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಆ ದಿನ ಅವಳಿಗೆ ಊಟ ಸೇರಲಿಲ್ಲ. ಮರಿ ನಡೆಯಲಿ, ಮೊದಲು ಅವನನ್ನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಮೂರನೆಯ ಬೆಳಿಗ್ಗೆ ಆಡು ಹೊಡೆದುಕೊಂಡು ಹೋದವಳು ಓರಣದ ಅಂಚಿನಲ್ಲಿ ನಿಂತುಬಿಟ್ಟಳು. ಏಳು ಜೀಪುಗಳು! ಮೊಳದುದ್ದದ ಕ್ಯಾಮೆರಾ ಹಿಡಿದು ಹುಲ್ಲು ತುಳಿಯುತ್ತಿದ್ದ ಗಂಡಸರು. ಹೆಣ್ಣು ಗೋಡಾವಣ ಭಾರವಾದ ರೆಕ್ಕೆ ಬಡಿಯುತ್ತಾ ದೂರ ಹಾರಿಹೋಗುತ್ತಿತ್ತು.

"ಹೋಗಿ! ಎಲ್ಲಾ ಹೋಗಿ ಇಲ್ಲಿಂದ!" ಅವಳು ಕೋಲು ಬೀಸುತ್ತಾ ಓಡಿದಳು. ಅಷ್ಟರಲ್ಲಿ ಮೊಟ್ಟೆಯ ಮೇಲೆ ಕಾಗೆಗಳು ಇಳಿದಾಗಿತ್ತು.

"ಯಾರು ಹೇಳಿದ್ದು ನಿಮಗೆ? ಯಾರು?"

ಒಬ್ಬ ಫೋನು ಚಾಚಿದ. ಹಕ್ಕಿ ನೋಡುವವರ ಗುಂಪಿಗೆ ಹಿಂದಿನ ಸಂಜೆ ಬಂದ ಸುದ್ದಿ. 'ಝೀಂಝನಿ ಓರಣ, ಗೋಡಾವಣ ಕಂಡಿದೆ.' ಕೆಳಗೆ ಹೆಸರು... ಖೀಮಾರಾಮ್.

ಅವಳು ಫೋನು ಹಿಂದಕ್ಕೆ ತಳ್ಳಿ ಗೂಡಿನ ಕಡೆ ನಡೆದಳು.

ಒಡೆದ ಚಿಪ್ಪನ್ನು ಓಢಣಿಯ ಸೆರಗಿನಲ್ಲಿ ಕಟ್ಟಿಕೊಂಡು ಅವಳು ಉರಿಬಿಸಿಲಿನಲ್ಲಿ ಅವನ ಮನೆಯವರೆಗೂ ನಡೆದಳು. ಅವನು ಅಂಗಳದಲ್ಲಿ ಒಂಟೆಗೆ ನೀರು ಹಾಕುತ್ತಿದ್ದ. ಅವಳು ಅವನ ಮುಂದೆ ಸೆರಗು ಬಿಚ್ಚಿದಳು.

"ಝೀಂಝನೀದು. ನೀನೇ ಅಲ್ವಾ ಸುದ್ದಿ ಹಾಕಿದ್ದು?"

ಅವನು ಚಿಪ್ಪು ನೋಡಿದ. ಅವಳ ಮುಖ ನೋಡಿದ. ಮತ್ತೆ ಚಿಪ್ಪು ನೋಡಿದ. ಕೈಯಲ್ಲಿದ್ದ ಬಕೆಟ್ಟು ಜಾರಿ ನೀರೆಲ್ಲ ಮರಳಿಗೆ ಹೋಯಿತು.

"ಅಲ್ಲಿ... ಮೊಟ್ಟೆ ಇತ್ತಾ?"

"ನಾಟಕ ಬೇಡ! ನನ್ನ ಹೆಜ್ಜೆ ಗುರುತು ಹಿಡಿದು ಬಂದ್ಯಲ್ಲಾ? ಹಾಕಿದ್ದು ನೀನು, ಹೌದೋ ಅಲ್ವೋ?"

ಏನೋ ಹೇಳಬಂದವನು ಅವಳ ಕಣ್ಣು ನೋಡಿ ನುಂಗಿಕೊಂಡ.

"ಹೌದು. ನಾನೇ."

"ಯಾಕೆ?"

ಅವನು ಬಗ್ಗಿ ಬಕೆಟ್ಟು ಎತ್ತಿಕೊಂಡ.

"ಯಾಕೆ ಖೀಮ? ಒಂದು ಕಾರಣ ಹೇಳು. ಸುಳ್ಳಾದ್ರೂ ಪರವಾಗಿಲ್ಲ, ಹೇಳು!"

ಅವನು ತಲೆ ತಗ್ಗಿಸಿದ. ಧಾಪು ಅಲ್ಲೇ ಕೂತು ಕಾಲಿನ ಕಡಗಗಳನ್ನು ಎಳೆದಳು. ಚರ್ಮ ತರಚಿತು. ಒಳಗಿನಿಂದ ಓಡಿ ಬಂದ ಅವನ ತಾಯಿ ಬಾಗಿಲಲ್ಲೇ ನಿಂತಳು.

"ನಿಮ್ಮ ಮನೆ ಕಡಗ, ತಗೊಳ್ಳಿ," ಎಂದು ಖೀಮನ ಕಡೆ ಚಾಚಿದಳು.

ಯಾವಾಗಲೂ 'ನೀನು' ಅನ್ನುತ್ತಿದ್ದವಳು ಅಂದು 'ನಿಮ್ಮ' ಅಂದಳು. ಅದು ಅವನನ್ನು ಕಡಗಕ್ಕಿಂತ ಹೆಚ್ಚು ನೋಯಿಸಿತು.

ಏಕಾದಶಿ ಬಂತು, ಹೋಯಿತು. ಬೇರೆ ಮನೆಗಳಲ್ಲಿ ಮದುವೆಯ ಡೋಲು ಬಾರಿಸಿದಾಗ ಧಾಪು ಆಡುಗಳ ಜೊತೆ ದೂರ ಹೋಗಿ ಕೂರುತ್ತಿದ್ದಳು. ದಾದಿ ಸಜ್ಜೆ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟರೆ ಅರ್ಧ ತಿಂದು ಎದ್ದುಬಿಡುತ್ತಿದ್ದಳು. ಖೀಮ ಗೈಡ್ ಕೆಲಸ ಬಿಟ್ಟನಂತೆ, ಊರಲ್ಲೇ ಇಲ್ಲವಂತೆ ಎಂದು ಸುದ್ದಿ ಬಂತು. ಒಳ್ಳೆಯದಾಯಿತು ಅಂದುಕೊಂಡಳು. ಅಂದುಕೊಂಡು ಅತ್ತಳು. ದ್ವೇಷಿಸಬೇಕಾದವನ ನಗುವೇ ಯಾಕೆ ಕಣ್ಣ ಮುಂದೆ ಬರಬೇಕು...?

ಮಾಘದ ಚಳಿಯಲ್ಲಿ ಅವಳು ಲಾಖಾಸರ ಎಂಬ ಊರಿನ ಸೋದರತ್ತೆಯ ಮನೆಗೆ ಹೋದಳು. ಒಂದು ಬೆಳಿಗ್ಗೆ ಬಯಲಿನ ಕಡೆ ನಡೆದವಳು ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಹುಲ್ಲಿನ ನಡುವೆ ಹೆಣ್ಣು ಗೋಡಾವಣ! ಪಕ್ಕದಲ್ಲಿ ಬೆಳೆದ ಮರಿ! ತಾಯಿ ಹೆಜ್ಜೆ ಇಟ್ಟಲ್ಲಿ ಅದೂ ಹೆಜ್ಜೆ ಇಡುತ್ತಿತ್ತು.

"ಸುಮ್ನೆ ನಿಂತ್ಕೋ, ಮಗಾ. ಹತ್ರ ಹೋಗ್ಬೇಡ." ಬೆಂಕಿ ಕಾಯಿಸುತ್ತಿದ್ದ ಒಂಟೆ ಮೇಯಿಸುವ ಮುದುಕ ಹರ್ಜಿ ಕಾಕಾ ಪಿಸುಗುಟ್ಟಿದ.

"ಇದು ಹೇಗೆ ಉಳೀತು ಕಾಕಾ? ಜೀಪುಗಳು ಬರ್ಲಿಲ್ವಾ?"

"ಬರೋದ್ರಲ್ಲೇ ಇದ್ವು. ಇಲ್ಲಿ ಮೊಟ್ಟೆ ಇದೆ ಅಂತ ಯಾರೋ ವಾಸನೆ ಹಿಡಿದಿದ್ರು. ಆಗ ಗೈಡ್ ಖೀಮ ಒಂದು ಉಪಾಯ ಮಾಡ್ದ. ಬೇರೆ ಕಡೆ ಹಕ್ಕಿ ಕಂಡಿದೆ ಅಂತ ಸುಳ್ಳು ಸುದ್ದಿ ಹಾಕಿದ. ಎಲ್ಲಾ ಅತ್ತ ಓಡಿದ್ವು."

ಧಾಪು ಅವನ ಕಡೆ ತಿರುಗಿದಳು. "ಬೇರೆ ಕಡೆ... ಅಂದ್ರೆ?"

"ಝೀಂಝನಿ. ನಾನು ಹೇಳ್ದೆ, ಅಲ್ಲೂ ಗೂಡಿದ್ರೆ ಏನೋ ಮಾಡ್ತೀಯ ಅಂತ. ಅವನಂದ, 'ಇಲ್ಲ ಕಾಕಾ, ಅಲ್ಲಿ ಏನೂ ಇಲ್ಲ. ನನಗೆ ಯಾವತ್ತೂ ಸುಳ್ಳು ಹೇಳದೋರನ್ನ ಕೇಳಿದೀನಿ.' ಪಾಪ, ಆಮೇಲೆ ಅದೇನಾಯ್ತೋ... ಹುಚ್ಚನ ಹಾಗೆ ಬಂದು ಇಲ್ಲೇ ಬಿದ್ದಿದಾನೆ, ಈ ಮರಿ ಕಾಯ್ಕೊಂಡು. ಅಗೋ, ಆ ಬನ್ನಿ ಮರದ ಹತ್ರ."

ಅವಳು ಬನ್ನಿ ಮರದ ಕಡೆ ನೋಡಿದಳು. ನಾನು... ನಾನೇ! ನನ್ನ ಮಾತು ನಂಬಿ ಜೀಪುಗಳನ್ನ ಅಲ್ಲಿಗೆ ಕಳಿಸಿದ. ಮೊಟ್ಟೆ ಕೊಂದಿದ್ದು ನನ್ನ ಸುಳ್ಳು. ಅವನಿಗೆ ಅಂಗಳದಲ್ಲೇ ಅದು ಗೊತ್ತಾಯಿತು. ಗೊತ್ತಾಗಿಯೂ ಬಾಯಿ ಬಿಡಲಿಲ್ಲವಲ್ಲ!

ಅವಳು ನೇರ ಮರದವರೆಗೆ ನಡೆದಳು. ಖೀಮ ಸೊರಗಿಹೋಗಿದ್ದ, ಗಡ್ಡ ಬೆಳೆದಿತ್ತು. ಅವಳನ್ನು ಕಂಡು ಎದ್ದು ನಿಂತ.

"ಯಾಕೆ ಹೇಳ್ಲಿಲ್ಲ?" ಅವಳ ದನಿ ಒಡೆದಿತ್ತು. "ನಿನ್ನ ಸುಳ್ಳಿಂದಾನೇ ಹೀಗಾಯ್ತು ಅಂತ ನನ್ನ ಮುಖಕ್ಕೆ ಹೇಳ್ಬೇಕಿತ್ತು!"

"ಹೇಳಿದ್ರೆ ಮೊಟ್ಟೆ ವಾಪಸ್ ಬರ್ತಿತ್ತಾ?"

"ನಾನು ನಿನ್ನನ್ನ ಎಷ್ಟು ಶಪಿಸಿದೆ ಗೊತ್ತಾ, ಆರು ತಿಂಗಳು..."

"ನನ್ನನ್ನ ಶಪಿಸ್ತಾ ಇದ್ರೆ ನೀನು ಹೇಗೋ ಬದುಕ್ತೀಯ ಅನ್ಕೊಂಡೆ. ನಿನ್ನನ್ನೇ ನೀನು ಶಪಿಸೋಕೆ ಶುರು ಮಾಡಿದ್ರೆ...?" ಅವನು ಮಾತು ನಿಲ್ಲಿಸಿ ಕಣ್ಣೊರೆಸಿಕೊಂಡ. "ನನ್ನದೂ ತಪ್ಪಿದೆ ಧಾಪು. ಇಲ್ಲಿ ಮೊಟ್ಟೆ ಇದೆ ಅಂತ ನಾನೂ ನಿನಗೆ ಹೇಳ್ಲಿಲ್ಲ. ಒಬ್ಬರಿಗೊಬ್ಬರು ಹೇಳಿದ್ರೆ ಎರಡೂ ಉಳೀತಿತ್ತು."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಝೀಂಝನಿಗೆ ಆ ಹೆಣ್ಣು ಹಕ್ಕಿ ಮತ್ತೆ ಬರಲೇ ಇಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಈ ದುಃಖಕ್ಕೆ ಇನ್ನು ಮುಂದೆ ಇಬ್ಬರೂ ಪಾಲುದಾರರು.

ಕೊನೆಗೆ ಅವಳು ಕೇಳಿದಳು. "ನಾನು ಇನ್ನೂ ಬೇಕಾ ನಿನಗೆ?"

"ಒಂದು ದಿನಾನೂ ಬೇಡ ಅನ್ನಿಸಿಲ್ಲ."

"ಆದ್ರೆ ಆಣೆ ಇದೆ ಖೀಮ. ಮುಂದೆ ಮೊಟ್ಟೆ ಕಂಡ್ರೂ ನಾನು ಬಾಯಿ ಬಿಡೋ ಹಾಗಿಲ್ಲ. ಸುಳ್ಳಂತೂ ಇನ್ನು ಹೇಳಲಾರೆ. ನೀನು ಕೇಳಿದ್ರೆ ಏನು ಮಾಡ್ಲಿ?"

ಅವನು ಬಯಲಿನ ಕಡೆ ನೋಡಿದ.

"ಏನೂ ಹೇಳ್ಬೇಡ. ಆ ದಿಕ್ಕಿಗೆ ಬೆನ್ನು ಮಾಡಿ ಕೂತ್ಕೋ, ಸಾಕು. ನನಗೆ ಗೊತ್ತಾಗುತ್ತೆ. ಆ ಕಡೆ ಯಾರನ್ನೂ ಬಿಡಲ್ಲ."

ಧಾಪು ಕೆನ್ನೆ ಒರೆಸಿಕೊಂಡಳು. ಬಯಲಿನಲ್ಲಿ ತಾಯಿಯೂ ಮರಿಯೂ ಮೇಯುತ್ತಿದ್ದವು. ಅವಳು ಮೆಲ್ಲಗೆ ಅವುಗಳಿಗೆ ಬೆನ್ನು ಮಾಡಿ, ಅವನಿಗೆ ಮುಖ ಮಾಡಿ ಕೂತಳು.

"ಹೀಗಾ?"

"ಹೀಗೇ," ಅಂದ ಖೀಮ.